ತಪ್ಪು ಯಾರದು?

ಗುಂಡ್ಲುಪೇಟೆಯಲ್ಲಿ ನನ್ನ ಬಳಿ ಕಲಿತ ಹುಡುಗಿಯೊಬ್ಬಳು ಮೊನ್ನೆ ಚಾಮರಾಜನಗರದ ನಮ್ಮ ಮನೆಗೆ ಬಂದಿದ್ದಳು. ಬೆಂಗಳೂರಿನಲ್ಲಿ ಎಂಟು ವರ್ಷ ಜಾಹೀರಾತು, ಪ್ರಚಾರಗಳ ಬರವಣಿಗೆ ಮಾಡಿದವಳು, ಈಗ ಯೂಸರ್ ಎಕ್ಸ್‌ಪೀರಿಯೆನ್ಸ್ ಡಿಸೈನರ್. "ಹಾಗೆಂದರೇನಮ್ಮಾ?" ಎಂದೆ.

ಉತ್ತರಿಸುವ ಬದಲು, ನಾನು ಮೊಬೈಲಿನಲ್ಲಿ ಅರ್ಧಕ್ಕೇ ಬಿಟ್ಟಿದ್ದ ಅರ್ಜಿಯೊಂದನ್ನು ತುಂಬಲು ಹೇಳಿ ಪಕ್ಕದಲ್ಲಿ ಸುಮ್ಮನೆ ಕುಳಿತಳು. ಮೂರು ಬಾರಿ ತಪ್ಪಿದೆ. "ವಯಸ್ಸಾಯಿತು, ದಡ್ಡನಾದೆ" ಎಂದು ನಾಚಿದೆ.

"ಇಲ್ಲ ಮೇಷ್ಟರೇ, ತಪ್ಪು ಅರ್ಜಿಯದು. ನೀವು ಎಲ್ಲಿ ತಡವರಿಸಿದಿರೆಂದು ನೋಡಿ ಅದನ್ನು ತಿದ್ದುವುದೇ ನನ್ನ ಕೆಲಸ. ಮೊದಲು ಜನ ಕೊಳ್ಳುವಂತೆ ಬರೆಯುತ್ತಿದ್ದೆ, ಕೊಂಡವರ ದೂರುಗಳನ್ನು ಓದುತ್ತ ಓದುತ್ತ ಈ ಕಡೆ ಬಂದೆ" ಎಂದಳು.

ಅಮೆರಿಕದ ಡೊನಾಲ್ಡ್ ನಾರ್ಮನ್ 1988ರ ತಮ್ಮ ಪುಸ್ತಕದಲ್ಲಿ ಇದನ್ನೇ ವಾದಿಸಿದ್ದರು: ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದಿದ್ದರೆ ದೋಷ ಬಾಗಿಲಿನದು. ಅವರು 1993ರಲ್ಲಿ ಆ್ಯಪಲ್ ಸಂಸ್ಥೆ ಸೇರಿದ ಮೇಲೆ ಈ ವೃತ್ತಿಯ ಹೆಸರು ಬಳಕೆಗೆ ಬಂದಿತು.

ಅವಳು ಹೋದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಭಿನ್ನರಾಶಿ ತಿಳಿಯದೆ ತಲೆತಗ್ಗಿಸಿದ ಮಕ್ಕಳನ್ನು ಎಷ್ಟು ಬಾರಿ ದಡ್ಡರೆಂದಿದ್ದೆ! ಅವರು ಎಲ್ಲಿ ತಡವರಿಸಿದರೆಂದು ಪಕ್ಕದಲ್ಲಿ ಕುಳಿತು ನೋಡಿರಲಿಲ್ಲ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಹೇಳುತ್ತೇನೆ: ಅಂದಿನ ತಪ್ಪು ನಿಮ್ಮದಲ್ಲ, ನನ್ನ ಪಾಠದ್ದು.