ಕೊಚ್ಚಿಯ ದಡದಲ್ಲಿ ಒಂದು ಹಗಲು

ಛಾಯಾಚಿತ್ರದ ಹವ್ಯಾಸವುಳ್ಳವರಲ್ಲಿ ಎರಡು ಬಗೆ. ಕೆಲವರು ಬೇಟೆಗಾರರಂತೆ ಕಂಡದ್ದನ್ನೆಲ್ಲ ಹೊಡೆದು ತರುವರು. ಕೆಲವರು ಜಿಪುಣರಂತೆ ಎಣಿಸಿ ವೆಚ್ಚಮಾಡುವರು. ನಾವು ಎರಡನೆಯ ಗುಂಪಿನವರು. ನಮ್ಮ ಹಳೆಯ ಕ್ಯಾಮರಾಕ್ಕೆ ಇಂದಿಗೂ ಫಿಲ್ಮಿನ ಸುರುಳಿಯೇ ಬೇಕು. ಒಂದು ಸುರುಳಿಗೆ 36 ಚಿತ್ರ. ಮನೆಯವರು ಇದನ್ನು ದುಬಾರಿಯ ಹುಚ್ಚೆನ್ನುವರು. ಆದರೆ ನಡುಮನೆಯ ಗೋಡೆಯಿಂದ ನಮ್ಮ ಚಿತ್ರಗಳನ್ನು ಅವರು ಇಳಿಸಿದ್ದೂ ಇಲ್ಲ.

ಮದುವೆಯೊಂದಕ್ಕಾಗಿ ಎರ್ನಾಕುಳಕ್ಕೆ ಹೋಗಿದ್ದಾಗ ಒಂದು ದಿನದ ಬಿಡುವು ದೊರೆಯಿತು. ಪ್ರಾತಃಕಾಲದ ದೋಣಿಯನ್ನೇರಿ ಹಿನ್ನೀರನ್ನು ದಾಟಿ ಕೊಚ್ಚಿಯ ಹಳೆಯ ಕೋಟೆಯ ಭಾಗದಲ್ಲಿಳಿದೆವು.

ಮೊದಲು ಕಣ್ಣಿಗೆ ಬೀಳುವುವು ಚೀನೀ ಬಲೆಗಳು. ನಮ್ಮ ಹಳ್ಳಿಗಳ ಏತವನ್ನು ಬಲ್ಲವರಿಗೆ ಇವುಗಳ ಮರ್ಮ ಬೇಗ ತಿಳಿಯುವುದು. ಒಂದು ತುದಿಯಲ್ಲಿ ಅಗಲವಾದ ಬಲೆ, ಇನ್ನೊಂದು ತುದಿಯಲ್ಲಿ ಹಗ್ಗಗಳಿಗೆ ಕಟ್ಟಿದ ಕಲ್ಲುಗುಂಡುಗಳು. ಒಬ್ಬನು ತೊಲೆಯ ಮೇಲೆ ನಡೆದರೆ ಬಲೆ ನೀರಿಗಿಳಿಯುವುದು. ನಾಲ್ಕೈದು ಜನ ಹಗ್ಗ ಜಗ್ಗಿದರೆ ಮೇಲೇಳುವುದು. ಇವು ಚೀನದಿಂದಲೇ ಬಂದುವೋ, ಮಕಾವಿನಿಂದ ಪೋರ್ತುಗೀಸರು ತಂದರೋ ಎಂಬಲ್ಲಿ ಪಂಡಿತರಿಗೆ ಏಕಮತವಿಲ್ಲ. ಇಲ್ಲಿಯೇ ನಮ್ಮ 11 ಚಿತ್ರಗಳು ಮುಗಿದುವು.

ಸಮೀಪದಲ್ಲಿಯೇ 1503ರಲ್ಲಿ ಮೊದಲು ಮರದಿಂದ ಕಟ್ಟಿದ್ದ ಸಂತ ಫ್ರಾನ್ಸಿಸರ ಇಗರ್ಜಿ. 1524ರಲ್ಲಿ ಕೊಚ್ಚಿಯಲ್ಲಿ ಮಡಿದ ವಾಸ್ಕೋ ಡ ಗಾಮನನ್ನು ಇಲ್ಲಿ ಹೂಳಿ, ಅನಂತರ ಅವಶೇಷಗಳನ್ನು ಲಿಸ್ಬನ್ನಿಗೆ ಸಾಗಿಸಿದರು. ಬರಿದಾದ ಗೋರಿಯನ್ನು ನೋಡುವವರೇ ಹೆಚ್ಚು. ನಮಗಾದರೋ ಮಾಡಿನಿಂದ ಇಳಿಬಿದ್ದ ಹಳೆಯ ಬೀಸಣಿಗೆಗಳೂ ಅವುಗಳ ಹಗ್ಗಗಳೂ ಹಿಡಿಸಿದುವು.

ಬಿಸಿಲೇರುವ ಹೊತ್ತಿಗೆ ವೆಳಿಯ ಅಗಸರ ಕೇರಿಗೆ ಬಂದೆವು. ಸೈನಿಕರ ಬಟ್ಟೆ ಒಗೆಯಲೆಂದು ಡಚ್ಚರ ಕಾಲದಲ್ಲಿ ತಮಿಳುನಾಡಿನಿಂದ ಬಂದ ವಣ್ಣಾನ್ ಕುಲದವರು ತಾವೆಂದು ಅವರು ಹೇಳಿಕೊಳ್ಳುತ್ತಾರೆ. ಸಾಲುಸಾಲಾಗಿ ಒಗೆಯುವ ತೊಟ್ಟಿಗಳು. ಬಯಲ ತುಂಬ ಬಿಳಿಯ ಹಾಸುವಸ್ತ್ರಗಳು. ಹುರಿಗೊಳಿಸಿದ ಎರಡೆಳೆಯ ಹಗ್ಗದ ನಡುವೆ ಬಟ್ಟೆಯಂಚನ್ನು ಸಿಕ್ಕಿಸಿಬಿಟ್ಟರೆ ಸಮುದ್ರದ ಗಾಳಿಗೂ ಅದು ಅಲುಗದು. ಛಾಯಾಚಿತ್ರಕಾರನಿಗೆ ಇದಕ್ಕಿಂತ ಸೊಗಸಾದ ಬೆಳಕು ಬೇರೆಲ್ಲಿ ಸಿಕ್ಕೀತು!

ಒಳಗೆ ಇದ್ದಿಲ ಪೆಟ್ಟಿಗೆಯಿಂದ ಇಸ್ತ್ರಿಮಾಡುತ್ತಿದ್ದ ವೃದ್ಧೆಯೊಬ್ಬಳನ್ನು ಅಪ್ಪಣೆ ಕೇಳಿದೆವು. ಆಕೆ ತಲೆಯೆತ್ತದೆ ತಮಿಳಿನಲ್ಲಿ ಅಂದಳು: “ದಿನವೂ ಯಾರಾದರೂ ಬರುತ್ತಾರೆ, ತೆಗೆಯುತ್ತಾರೆ. ನನ್ನ ಮುಖ ಯಾವ ಯಾವ ದೇಶದಲ್ಲಿದೆಯೋ! ನನ್ನ ಮನೆಯಲ್ಲಿ ಮಾತ್ರ ಒಂದೂ ಇಲ್ಲ.”

ಕ್ಯಾಮರಾವನ್ನು ಕೆಳಗಿಟ್ಟು ಟಿಪ್ಪಣಿಪುಸ್ತಕವನ್ನು ತೆಗೆದೆವು. ಹೆಸರು, ಮನೆಯ ಗುರುತು, ಮೊಮ್ಮಗನ ದೂರವಾಣಿ ಎಲ್ಲವನ್ನೂ ಬರೆದುಕೊಂಡ ಮೇಲೆಯೇ ಚಿತ್ರ. ಆ ಕೇರಿಯಲ್ಲಿ ಒಬ್ಬೊಬ್ಬರದೂ ಹಾಗೆಯೇ ನಡೆಯಿತು. ಕೆಲಸ ನಿಧಾನವಾಯಿತು, ಮಾತು ಬೆಳೆಯಿತು, ಚಹ ಬಂದಿತು.

ಮಧ್ಯಾಹ್ನ ಮಟ್ಟಾಂಚೇರಿ. ಇಲ್ಲಿ ಕಚ್ಛಿನ ಮೇಮನರು, ಗುಜರಾತಿನ ಜೈನರು, ಚೆರಳಾಯಿಯಲ್ಲಿ ಕೊಂಕಣಿಗರು. ಪೋರ್ತುಗೀಸರ ಕಾಟಕ್ಕೆ ಗೋವೆಯನ್ನು ಬಿಟ್ಟವರಲ್ಲಿ ಕೆಲವರು ನಮ್ಮ ಕನ್ನಡ ಕರಾವಳಿಯಲ್ಲಿ ನಿಂತರು, ಕೆಲವರು ಇಲ್ಲಿಯವರೆಗೆ ಬಂದರು. ಡಚ್ಚರ ಅಧಿಕಾರಿ ವಾನ್ ರೀಡನು ಮಲಬಾರಿನ ಗಿಡಮೂಲಿಕೆಗಳ ಮಹಾಗ್ರಂಥವನ್ನು ರಚಿಸಿದಾಗ ನೆರವಾದವರಲ್ಲಿ ಮೂವರು ಕೊಂಕಣಿ ವೈದ್ಯರಿದ್ದರು. ಅವರ ನಾಗರೀ ಲಿಪಿಯ ಪ್ರಮಾಣಪತ್ರವು 1678ರ ಮೊದಲ ಸಂಪುಟದಲ್ಲಿಯೇ ಅಚ್ಚಾಗಿದೆ. ತಿರುಮಲ ದೇವಾಲಯದ ಬಳಿಯ ಅಂಗಡಿಯಲ್ಲಿ ಹಪ್ಪಳ ಕೊಳ್ಳುವಾಗ, ಮಂಗಳೂರಿನಲ್ಲಿ ಕೇಳಿ ಕಲಿತ ನಮ್ಮ ಹರಕು ಕೊಂಕಣಿಗೆ ನಗುವೂ ಸಿಕ್ಕಿತು, ಎರಡು ಹಪ್ಪಳ ಹೆಚ್ಚಾಗಿಯೂ ಸಿಕ್ಕಿತು.

ಅರಮನೆಯ ನೆರೆಯಲ್ಲಿ ಯೆಹೂದ್ಯರ ಬೀದಿ. ಅದರ ತುದಿಯಲ್ಲಿ 1568ರ ಪ್ರಾರ್ಥನಾಮಂದಿರ. ಪಾದರಕ್ಷೆಗಳನ್ನು ಹೊರಗಿಟ್ಟು ಒಳಹೊಕ್ಕರೆ ಕಾಲಡಿಯಲ್ಲಿ ಚೀನದ ನೀಲಿಬಿಳಿ ಬಿಲ್ಲೆಗಳು. 1760ರ ಗಡಿಯಾರ ಗೋಪುರದಲ್ಲಿ ಹೀಬ್ರೂ, ರೋಮನ್, ಮಲಯಾಳ ಅಂಕಿಗಳು ಬೇರೆಬೇರೆ ಮುಖಗಳಲ್ಲಿ. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಬಳಿಕ ಕೊಚ್ಚಿಯ ಯೆಹೂದ್ಯರಲ್ಲಿ ಹೆಚ್ಚಿನವರು ಅತ್ತ ಹೊರಟುಹೋದರು. ಯಾರೂ ಅವರನ್ನು ಅಟ್ಟಿದ್ದಲ್ಲ ಎಂಬುದು ಸಮಾಧಾನವೇ. ಆದರೂ ಬೀದಿ ಬರಿದಾಯಿತಲ್ಲವೇ? ಈಗ ಆ ಮನೆಗಳಲ್ಲಿ ರತ್ನಗಂಬಳಿಯ ಅಂಗಡಿಗಳಿವೆ. ಉಳಿದವರಲ್ಲೊಬ್ಬರಾಗಿ ಕಸೂತಿಯ ಬಟ್ಟೆಗಳನ್ನು ಮಾರುತ್ತಿದ್ದ ಸಾರಾ ಕೋಹೆನ್ 2019ರಲ್ಲಿ 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮುಪ್ಪಿನಲ್ಲಿ ಅವರ ಕೈಹಿಡಿದು ನೋಡಿಕೊಂಡದ್ದು ಒಂದು ಮುಸಲ್ಮಾನ ಕುಟುಂಬ.

ಅಲ್ಲಿ ನಾವು ತೆಗೆದುದು ಒಂದೇ ಚಿತ್ರ: ಕಿಟಕಿಯ ಕಂಬಿಯಲ್ಲಿ ಮಾಡಿದ ಆರು ಮೂಲೆಯ ನಕ್ಷತ್ರ, ಅದರ ಹಿಂದೆ ಮುಚ್ಚಿದ ಕದ. ಯಾರಿಗೆ ಕಳುಹಿಸಬೇಕೆಂದು ತಿಳಿಯದೆ ನಮ್ಮಲ್ಲಿ ಉಳಿದಿರುವ ಚಿತ್ರ ಅದು.

ಊರಿಗೆ ಬಂದು ಸುರುಳಿಯನ್ನು ತೊಳೆಯಿಸಿ, ಪ್ರತಿಗಳನ್ನು ಅಗಸರ ಕೇರಿಗೆ ಅಂಚೆಯಲ್ಲಿ ಕಳುಹಿಸಿದೆವು. ಮೂರು ವಾರದ ಮೇಲೆ ಆ ಮೊಮ್ಮಗನು ದೂರವಾಣಿಯಲ್ಲಿ ಮಾತನಾಡಿದನು. ಅಜ್ಜಿಯ ಚಿತ್ರಕ್ಕೆ ಕಟ್ಟು ಹಾಕಿಸಿ ದೇವರ ಗೂಡಿನ ಪಕ್ಕದಲ್ಲಿ ತೂಗುಹಾಕಿದ್ದಾರಂತೆ. ಆದರೆ ಇಸ್ತ್ರಿಪೆಟ್ಟಿಗೆ ಅವಳ ಅತ್ತೆಯ ಕಾಲದ್ದು, ಅದಕ್ಕೂ ಬೇರೆಯೇ ಒಂದು ಚಿತ್ರ ಬೇಕು, ಯಾವಾಗ ಬರುತ್ತೀರಿ ಎಂದು ಕೇಳಿಸಿದ್ದಾಳೆ. ಹೊಸ ಸುರುಳಿಯನ್ನು ತಂದಿಟ್ಟಿದ್ದೇವೆ.