ಮರುಓದಿನ ತೀರ್ಪು

ಅಮೆರಿಕದ ಜೀನ್ ವುಲ್ಫ್ (1931–2019) ಅವರ ‘ದಿ ಬುಕ್ ಆಫ್ ದಿ ನ್ಯೂ ಸನ್’ ಕಾದಂಬರಿಯ ಮೊದಲ ಸಂಪುಟ ಪ್ರಕಟವಾದದ್ದು 1980ರಲ್ಲಿ. ಸೂರ್ಯನೇ ಕಂದುತ್ತಿರುವ ಅತಿದೂರದ ಭವಿಷ್ಯ ಅದರ ಕಾಲ. ಕಥೆ ಹೇಳುವ ಸೆವೇರಿಯನ್ ಚಿತ್ರಹಿಂಸೆಯನ್ನೇ ವೃತ್ತಿಯಾಗಿಸಿಕೊಂಡ ಸಂಘದಲ್ಲಿ ಬೆಳೆದವನು. ಬಂದಿನಿ ಥೆಕ್ಲಾಳ ಯಾತನೆಯನ್ನು ನೋಡಲಾರದೆ ಅವಳಿಗೆ ಚೂರಿ ಒದಗಿಸುತ್ತಾನೆ. ಅವಳು ಪ್ರಾಣ ಬಿಡುತ್ತಾಳೆ. ಅವನು ನಗರದಿಂದ ಹೊರಹಾಕಲ್ಪಡುತ್ತಾನೆ.

ಮೊದಲ ಓದಿನಲ್ಲಿ ಓದುಗನು ಈ ಕರುಣೆಗೆ ಮನಸೋತು ಅವನ ಮಾತನ್ನೆಲ್ಲ ನಂಬುತ್ತಾನೆ. ತಾನು ಏನನ್ನೂ ಮರೆಯುವವನಲ್ಲವೆಂಬುದು ಸೆವೇರಿಯನ್ನನ ಹೆಮ್ಮೆ. ಮರುಓದಿನಲ್ಲಿ ಅವನು ಹೇಳದೆ ಬಿಟ್ಟದ್ದು ಕಣ್ಣಿಗೆ ಬೀಳುತ್ತದೆ. ಚೂರಿ ಕೊಟ್ಟದ್ದು ದಯೆಯೇ ಇರಬಹುದು. ಆದರೆ ಆಮೇಲೂ ಅವನು ನಡೆಸಿದ್ದು ಅದೇ ವೃತ್ತಿಯನ್ನು.

ನೆನಪು ನಿಖರವಾಗಿದ್ದರೆ ಸಾಲದು, ಲೆಕ್ಕವೂ ಪ್ರಾಮಾಣಿಕವಾಗಿರಬೇಕು. ಒಂದು ಸತ್ಕಾರ್ಯವನ್ನು ಮುಂದಿಟ್ಟು ಉಳಿದುದನ್ನು ಮರೆಮಾಡುವವನು ಸೆವೇರಿಯನ್ ಒಬ್ಬನೇ ಅಲ್ಲವೆಂದು ಓದುಗನು ಅರಿತಾಗ ಮರುಓದು ಸಾರ್ಥಕ.