ಪೆಟ್ಟಿಗೆಯ ಪರಿಮಾಣ, ನಾದದ ಪ್ರಮಾಣ

‘ನಿರ್ಮಾಣ’ ಎಂಬ ಶಬ್ದದ ಗರ್ಭದಲ್ಲಿಯೇ ಅಳತೆ ಅಡಗಿದೆ. ‘ಮಾ’ ಎಂಬ ಸಂಸ್ಕೃತ ಧಾತುವಿಗೆ ಅಳೆಯುವುದು ಎಂದರ್ಥ. ಪ್ರಮಾಣ, ಪರಿಮಾಣ, ಅನುಮಾನ, ಉಪಮಾನ, ಮಾತ್ರೆ ಇವೆಲ್ಲವೂ ಆ ಒಂದೇ ಬೇರಿನಿಂದ ಚಿಗುರಿದ ಕೊಂಬೆಗಳು. ಅಳೆಯದೆ ಒಟ್ಟಿದ್ದು ರಾಶಿಯಾದೀತೇ ಹೊರತು ನಿರ್ಮಾಣವಾಗಲಾರದು. ಕಂದಪದ್ಯಕ್ಕೆ 64 ಮಾತ್ರೆಗಳೆಂದು ಲಾಕ್ಷಣಿಕರು ವಿಧಿಸಿದ್ದಾರೆ. ಒಂದು ಮಾತ್ರೆ ಹೆಚ್ಚಿದರೂ ಕುಗ್ಗಿದರೂ ಓದುವವನ ನಾಲಗೆ ಎಡವುತ್ತದೆ. ಈ ನಿಯಮವು ಮೋಟಾರು ಕಾರಿನ ಡಿಕ್ಕಿಯಲ್ಲಿ ಇರಿಸುವ ಒಂದು ಮರದ ಪೆಟ್ಟಿಗೆಗೂ ಅನ್ವಯಿಸುತ್ತದೆಂದರೆ ಕೆಲವರಿಗೆ ವಿನೋದವೆನಿಸಬಹುದು. ಆದರೆ ವಿಷಯವನ್ನು ವಿಚಾರಿಸಿ ನೋಡಿದಾಗ ಅದು ಯಥಾರ್ಥವೆಂದು ತಿಳಿಯುತ್ತದೆ.

ಭಾಲ್ಕಿ ತಾಲೂಕಿನ ಮೆಹಕರವು ಮಹಾರಾಷ್ಟ್ರದ ಗಡಿಗೆ ಸಮೀಪವಾದ ಗ್ರಾಮ. ಅಲ್ಲಿಯ ತರುಣನೊಬ್ಬ ಬಾಡಿಗೆ ಕಾರು ನಡೆಸಿ ಸಂಸಾರ ತೂಗಿಸುವವನು. ಭಜನೆಯ ಧ್ವನಿಮುದ್ರಿಕೆಗಳಲ್ಲಿ ಅವನಿಗೆ ಬಹಳ ಆಸಕ್ತಿ. ಕೂಡಿಟ್ಟ ಹಣದಿಂದ ಅವನು ಮಂದ್ರಧ್ವನಿಯನ್ನು ಮಾತ್ರ ಹೊರಡಿಸುವ ಹನ್ನೆರಡು ಇಂಚಿನ ಸ್ಪೀಕರನ್ನು, ಅಂದರೆ ಸಬ್‌ವೂಫರನ್ನು ಕೊಂಡನು; ಅದರ ಜೊತೆಗೆ ಪೇಟೆಯಲ್ಲಿ ಸಿದ್ಧವಾಗಿದ್ದ ಒಂದು ಪೆಟ್ಟಿಗೆಯನ್ನೂ ತಂದನು. ಸದ್ದೇನೋ ಜೋರಾಗಿಯೇ ಬಂದಿತು. ಆದರೆ ಪಖವಾಜದ ಎಡಗೈ ಪೆಟ್ಟು, ತಬಲೆಯ ಡಗ್ಗಾ, ಡೊಳ್ಳು ಎಲ್ಲವೂ ಒಂದೇ ‘ಬುಂ’ಕಾರವಾಗಿ ಕೇಳಿಸತೊಡಗಿದವು. ಕೊನೆಗೆ ಅವನು ಊರಿನ ಹಿರಿಯ ಬಡಗಿಯ ಬಳಿಗೆ ಹೋದನು.

“ಕಾಕಾ, ಡಿಕ್ಕಿ ಎಷ್ಟು ಅದ ಅಷ್ಟು ದೊಡ್ಡ ಡಬ್ಬಿ ಮಾಡಿಕೊಡ್ರಿ.”

“ಡಿಕ್ಕಿ ಅಳತಿ ಆಮ್ಯಾಲ ತಮ್ಮಾ. ಮೊದಲ ಸ್ಪೀಕರ್ ಜೋಡಿ ಬಂದ ಕಾಗದ ತಾ.”

ಬಡಗಿಯ ಈ ಮಾತಿನಲ್ಲಿ ಇಡೀ ವಿದ್ಯೆಯ ಸಾರವಿದೆ. ಪೆಟ್ಟಿಗೆಯ ಗಾತ್ರವನ್ನು ನಿರ್ಣಯಿಸುವುದು ಡಿಕ್ಕಿಯ ಅವಕಾಶವಲ್ಲ, ಸ್ಪೀಕರಿನ ಸ್ವಭಾವ.

ಸ್ಪೀಕರಿಗೆ ಪೆಟ್ಟಿಗೆಯೇ ಏಕೆ ಬೇಕು? ಅದರ ಪಟಲವು ಮುಂದಕ್ಕೆ ನೂಕಿದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿ ಸಡಿಲಗೊಳ್ಳುತ್ತದೆ. ಮಂದ್ರಧ್ವನಿಯ ತರಂಗ ಬಹು ದೀರ್ಘವಾದುದು. ಸೆಕೆಂಡಿಗೆ 40 ಕಂಪನಗಳ ನಾದದ ಒಂದು ಅಲೆ ಸುಮಾರು 8.6 ಮೀಟರು, ಎಂದರೆ ಕಾರಿಗಿಂತಲೂ ಉದ್ದ. ಆದ್ದರಿಂದ ಹಿಂದಿನ ಅಲೆ ಸುತ್ತಿ ಬಂದು ಮುಂದಿನ ಅಲೆಯನ್ನು ನುಂಗಿಬಿಡುತ್ತದೆ. ಇವೆರಡನ್ನೂ ಬೇರ್ಪಡಿಸುವುದೇ ಪೆಟ್ಟಿಗೆಯ ಮೊದಲ ಕಾರ್ಯ.

ಎರಡನೆಯ ಕಾರ್ಯ ಇನ್ನೂ ಸೂಕ್ಷ್ಮವಾದುದು. ನಲ್ಲಿಯ ಕೆಳಗೆ ಕೊಡವಿಟ್ಟ ಗೃಹಿಣಿ ಒಳಗೆ ಇಣುಕದೆಯೇ, ಸದ್ದು ಏರಿದುದನ್ನು ಕೇಳಿ, ಕೊಡ ತುಂಬಿತೆಂದು ತಿಳಿಯುತ್ತಾಳೆ. ನೀರು ಹೆಚ್ಚಿದಂತೆ ಗಾಳಿಯ ಅವಕಾಶ ಕಿರಿದಾಗುತ್ತದೆ. ಅವಕಾಶ ಕಿರಿದಾದಂತೆ ಸ್ವರ ಮೇಲೇರುತ್ತದೆ. ಆವೃತವಾದ ಗಾಳಿಯ ಇಂಥ ಅನುರಣನವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಮಹಾಶಯನು ಶಾಸ್ತ್ರೀಯವಾಗಿ ವಿವೇಚಿಸಿ 1863ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಬೆಂಗಳೂರಿನಲ್ಲಿ ನೆಲೆಸಿದ್ದ ಸಿ. ವಿ. ರಾಮನ್ನರು ನಮ್ಮ ಮೃದಂಗ, ತಬಲೆಗಳ ನಾದವನ್ನು ಕುರಿತು 1934ರಲ್ಲಿ ಬರೆದ ಲೇಖನವೂ ವಿದ್ವನ್ಮಾನ್ಯವಾದುದು. ಕೇವಲ ಕೈಚಳಕವೆಂದು ಜನ ಭಾವಿಸಿದ್ದ ವಸ್ತುಗಳಲ್ಲಿ ಗಣಿತವಿದೆಯೆಂಬುದನ್ನು ಇಂಥವರು ತೋರಿಸಿಕೊಟ್ಟರು.

ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಒಂದು ಸ್ಪ್ರಿಂಗಿನಂತೆ ವರ್ತಿಸುತ್ತದೆ. ಪೆಟ್ಟಿಗೆ ಕಿರಿದಾದರೆ ಸ್ಪ್ರಿಂಗು ಬಿಗಿಯಾಗಿ, ಕಂಪನ ಮೇಲೇರಿ, ಒಂದೇ ಸ್ವರದ ಸುತ್ತ ಸದ್ದು ಉಬ್ಬುತ್ತದೆ. ಹಿರಿದಾದರೆ ಹಿಡಿತ ತಪ್ಪಿ, ಪಟಲ ಮಿತಿ ಮೀರಿ ಓಲಾಡಿ ಹಾಳಾಗುವ ಭಯವಿದೆ. ಈ ಗಾಳಿಯ ಬಿಗುವನ್ನೇ ಉಪಕಾರಕವಾಗಿ ಬಳಸಿಕೊಂಡು ಚಿಕ್ಕ ಪೆಟ್ಟಿಗೆಯಿಂದಲೂ ಗಂಭೀರ ನಾದವನ್ನು ಹೊರಡಿಸಬಹುದೆಂದು ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ತೋರಿಸಿದನು. ಅನಂತರ ಆಸ್ಟ್ರೇಲಿಯದಲ್ಲಿ ನೆವಿಲ್ ಥೀಲ್ 1961ರಲ್ಲಿಯೂ, ಸಿಡ್ನಿಯಲ್ಲಿ ಸಂಶೋಧನೆ ನಡೆಸಿದ ರಿಚರ್ಡ್ ಸ್ಮಾಲ್ 1972–73ರಲ್ಲಿಯೂ ಸ್ಪೀಕರಿನ ಗುಣಗಳನ್ನು ಕೆಲವೇ ಸಂಖ್ಯೆಗಳಿಗೆ ಇಳಿಸಿದರು. ಬಡಗಿ ಕೇಳಿದ ಕಾಗದದಲ್ಲಿ ಮುದ್ರಿತವಾಗಿರುವುವು ಈ ಸಂಖ್ಯೆಗಳೇ.

ಅವುಗಳಲ್ಲಿ ಮೂರು ಮುಖ್ಯ. ಒಂದು, ಸ್ಪೀಕರಿನ ಸಹಜ ಕಂಪನ. 30 ಹರ್ಟ್ಸ್ ಎಂದಿಟ್ಟುಕೊಳ್ಳೋಣ. ಎರಡು, ಆ ಕಂಪನ ಎಷ್ಟು ಬೇಗ ಶಮನವಾಗುವುದೆಂಬುದರ ಸೂಚಕ; ಅದು 0.45 ಆಗಿರಲಿ. ಮೂರು, ಪಟಲದ ತೂಗುಪಟ್ಟಿಯ ಬಿಗುವಿಗೆ ಸಮನಾದ ಬಿಗುವುಳ್ಳ ಗಾಳಿಯ ಪರಿಮಾಣ. ಅದು 60 ಲೀಟರು. ಪೆಟ್ಟಿಗೆಯಲ್ಲಿ ಕೂಡಿಸಿದ ಮೇಲೆ ಎರಡನೆಯ ಸೂಚಕವು 0.707 ಆದರೆ ನಾದ ಉಬ್ಬದೆ ತಗ್ಗದೆ ಸಮವಾಗಿರುತ್ತದೆ. 0.707ನ್ನು 0.45ರಿಂದ ಭಾಗಿಸಿ, ಬಂದುದನ್ನು ವರ್ಗಿಸಿ, ಒಂದನ್ನು ಕಳೆದರೆ ಸುಮಾರು 1.47 ಉಳಿಯುತ್ತದೆ. 60ನ್ನು ಇದರಿಂದ ಭಾಗಿಸಿದರೆ 41 ಲೀಟರು. ಇದೇ ಬೇಕಾದ ಗಾಳಿ. ಸ್ಪೀಕರಿನ ಹಿಂಭಾಗ ಮತ್ತು ಒಳಗಿನ ಆಧಾರದ ಪಟ್ಟಿಗಳು ಆಕ್ರಮಿಸುವ ಜಾಗಕ್ಕೆ ಇನ್ನು ಐದು ಲೀಟರು ಸೇರಿಸಿದರೆ ಒಳ ಅವಕಾಶ 46 ಲೀಟರಾಗುತ್ತದೆ. ಉದ್ದ 60, ಎತ್ತರ 34, ಆಳ 22.5 ಸೆಂಟಿಮೀಟರು ಇಟ್ಟರೆ ಲೆಕ್ಕ ಸರಿಹೋಗುತ್ತದೆ.

ಅನೇಕರು ಮೋಸಹೋಗುವ ಸ್ಥಾನವಿದು. ಈ ಅಳತೆಗಳು ಒಳಗಿನವು, ಹೊರಗಿನವಲ್ಲ. ಹಲಗೆಯ ದಪ್ಪ 18 ಮಿಲಿಮೀಟರು. ಎರಡು ಬದಿಗೂ ಅದನ್ನು ಸೇರಿಸಿದಾಗ ಹೊರಗಿನಿಂದ ಪೆಟ್ಟಿಗೆ ಸುಮಾರು 62 ಲೀಟರಿನಷ್ಟು ಕಾಣುತ್ತದೆ. ಹದಿನಾರು ಲೀಟರು ಮರದ ಪಾಲು! ಮೇಲಿನ ಅಳತೆಗಳನ್ನೇ ಹೊರಗಿನವೆಂದು ಭ್ರಮಿಸಿ ಹಲಗೆ ಕೊಯ್ದರೆ ಸ್ಪೀಕರಿಗೆ ಉಳಿಯುವ ಗಾಳಿ 27 ಲೀಟರು ಮಾತ್ರ. ಸೂಚಕ 0.80ಕ್ಕೆ ಏರುತ್ತದೆ, 47 ಹರ್ಟ್ಸ್ ಇರಬೇಕಾದ ಕಂಪನ 54ರ ಸಮೀಪಕ್ಕೆ ಹೋಗುತ್ತದೆ. ತರುಣನ ಮೊದಲ ಪೆಟ್ಟಿಗೆಯ ‘ಬುಂ’ಕಾರಕ್ಕೂ ಇಂಥದೇ ಕಾರಣ. ಹೊರಗಿನಿಂದ ಅದು ತಕ್ಕಷ್ಟು ದೊಡ್ಡದಾಗಿ ಕಾಣುತ್ತಿತ್ತು; ಬಡಗಿ ಸ್ಪೀಕರು ಬಿಚ್ಚಿ ಒಳಗೆ ಅಳತೆಪಟ್ಟಿ ಇಳಿಸಿದಾಗ ಕೊರತೆ ಬಯಲಾಯಿತು.

ಕಾರಿನ ಹಿಂದಿನ ಆಸನದ ಬೆನ್ನು ಓರೆಯಾಗಿರುವುದರಿಂದ ಪೆಟ್ಟಿಗೆಯ ಒಂದು ಮೈಯೂ ಓರೆಯಾಗಬೇಕಾಗುತ್ತದೆ. ಆಗ ಪಾರ್ಶ್ವದ ಹಲಗೆ ತ್ರಾಪಿಜ್ಯವಾಗುತ್ತದೆ. ಮೇಲೆ ಆಳ 18, ಕೆಳಗೆ 27 ಸೆಂಟಿಮೀಟರು ಇಟ್ಟರೆ ಸರಾಸರಿ 22.5, ಘನಫಲ ಹಾಗೆಯೇ ಉಳಿಯುತ್ತದೆ. ಈ ಲೆಕ್ಕಕ್ಕೆ ಪರದೇಶವನ್ನು ನೋಡಬೇಕಾಗಿಲ್ಲ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದಲ್ಲಿ ಅಗೆತಗಳ ಘನಫಲಕ್ಕೆಂದೇ ‘ಖಾತವ್ಯವಹಾರ’ವೆಂಬ ಪ್ರಕರಣವಿದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಹೊಂಡಕ್ಕೆ ಸಲ್ಲುವ ಲೆಕ್ಕ ಪೆಟ್ಟಿಗೆಗೂ ಸಲ್ಲುತ್ತದೆ.

ಲೆಕ್ಕ ಮುಗಿದ ಮೇಲೆ ಕೈಗೆಲಸ. ಕೊಯ್ದ ಹಲಗೆ ಮತ್ತೆ ಕೂಡುವುದಿಲ್ಲವಾದ್ದರಿಂದ ಬಡಗಿ ಮೊದಲು ರಟ್ಟಿನಲ್ಲಿ ಮಾದರಿ ಕತ್ತರಿಸಿ ಡಿಕ್ಕಿಯಲ್ಲಿ ಕೂರಿಸಿ ನೋಡಿದನು. ಸಂದುಗಳಿಗೆ ಅಂಟು ಹಚ್ಚಿ, ತಿರುಪುಮೊಳೆ ಬಿಗಿದು, ಒಳಗಿನ ಮೂಲೆಗಳಿಗೆಲ್ಲ ಸಿಲಿಕೋನ್ ಎಳೆದನು. ಮುಚ್ಚಿದ ಪೆಟ್ಟಿಗೆಯಲ್ಲಿ ಕೂದಲೆಳೆಯ ಬಿರುಕೂ ದೋಷವೇ. ಸ್ಪೀಕರು ನುಡಿಯುತ್ತಿರುವಾಗ ಸಂದುಗಳ ಬಳಿ ಊದುಬತ್ತಿ ಹಿಡಿದರೆ ಹೊಗೆ ಅಲುಗಿದ ಕಡೆ ಸೋರಿಕೆಯಿದೆಯೆಂದು ತಿಳಿಯಬಹುದು. ಸ್ಪೀಕರು ಸೇರಿ ಪೆಟ್ಟಿಗೆಯ ತೂಕ ಸುಮಾರು 20 ಕಿಲೋ. ಹಠಾತ್ತನೆ ಬ್ರೇಕು ಹಾಕಿದಾಗ ಅದು ಕುಳಿತವರ ಬೆನ್ನಿಗೆ ಎರಗದಂತೆ ಅದನ್ನು ಕಾರಿನ ನೆಲಕ್ಕೆ ಭದ್ರವಾಗಿ ಬಿಗಿಯಬೇಕು. ಬ್ಯಾಟರಿಯಿಂದ ಬರುವ ತಂತಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸು ಇರಬೇಕು. ಇಲ್ಲವಾದರೆ ತಂತಿ ಉಜ್ಜಿ ಸವೆದ ದಿನ ಬೆಂಕಿಯ ಅಪಾಯ ತಪ್ಪದು.

ಹೊಸ ಪೆಟ್ಟಿಗೆಯಲ್ಲಿ ಪಖವಾಜ ಪಖವಾಜವಾಗಿಯೂ ಡೊಳ್ಳು ಡೊಳ್ಳಾಗಿಯೂ ಕೇಳಿಸಿದವು. ಅದಕ್ಕಿಂತ ಗಮನಾರ್ಹವಾದ ಮಾತೆಂದರೆ, ತರುಣನು ಸದ್ದಿನ ಗುಂಡಿಯನ್ನು ಮೊದಲಿನಷ್ಟು ತಿರುಗಿಸಬೇಕಾಗಲಿಲ್ಲ. ಮುಚ್ಚಿದ ಕಾರಿನೊಳಗಿನ ಚಿಕ್ಕ ಅವಕಾಶವು ಅತಿಮಂದ್ರ ಸ್ವರಗಳನ್ನು ತಾನಾಗಿಯೇ ಪೋಷಿಸುತ್ತದೆ. ಸ್ಪಷ್ಟತೆ ಇಲ್ಲದೆಡೆ ಜನರು ಆರ್ಭಟದಿಂದ ಆ ಕೊರತೆಯನ್ನು ತುಂಬಲು ಯತ್ನಿಸುತ್ತಾರೆ. ಫಲವಾಗಿ ಕೆಡುವುದು ಕಿವಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂದು ಒಪ್ಪಿದರೂ, ಪ್ರತಿ ಮೂರು ಡೆಸಿಬೆಲ್ಲಿಗೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್ಲಿಗೆ ಉಳಿಯುವುದು ಹದಿನೈದೇ ನಿಮಿಷ. ಶಬ್ದಮಾಲಿನ್ಯ ನಿಯಂತ್ರಣಕ್ಕಾಗಿ 2000ದಲ್ಲಿ ಬಂದ ನಿಯಮಗಳು ಶಾಲೆ, ಆಸ್ಪತ್ರೆಗಳ ಸುತ್ತಲಿನ ನೂರು ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶ ಕೊಟ್ಟಿರುವುದು ಸುಮ್ಮನೆಯಲ್ಲ.

‘ಘನಫಲವನ್ನು ಕಲಿತು ಆಗಬೇಕಾದುದೇನು?’ ಎಂದು ಪ್ರೌಢಶಾಲೆಯ ಬಾಲಕರು ಕೇಳುವುದುಂಟು. ಮೆಹಕರದ ಬಡಗಿ ಏಳನೆಯ ಇಯತ್ತೆಯ ಮುಂದೆ ಓದಿದವನಲ್ಲ. ಆದರೆ ಒಂದು ಲೀಟರಿಗೆ ಸಾವಿರ ಘನ ಸೆಂಟಿಮೀಟರೆಂಬುದನ್ನೂ, ಒಳಮೈ ಹೊರಮೈಗಳ ಭೇದವನ್ನೂ ಯಾವನೋ ಉಪಾಧ್ಯಾಯನು ಅವನಿಗೆ ಮನದಟ್ಟಾಗುವಂತೆ ಕಲಿಸಿದ್ದನು. ಆ ಪಾಠವು ಹಲವು ದಶಕಗಳ ನಂತರ ಒಬ್ಬ ದುಡಿಯುವ ತರುಣನ ಹಣವನ್ನು ಉಳಿಸಿತು. ಗಣಿತದ ಅಧ್ಯಾಪಕರು ವರ್ಷಕ್ಕೊಮ್ಮೆ ಇಂಥದೊಂದು ಪೆಟ್ಟಿಗೆಯನ್ನು ತರಗತಿಗೆ ತಂದು, ಮಕ್ಕಳ ಕೈಯಿಂದಲೇ ಅದರ ಒಳಗನ್ನು ಅಳೆಯಿಸಿ, ಅದರ ನಾದವನ್ನು ಕೇಳಿಸಿದರೆ, ಆ ಪ್ರಶ್ನೆಗೆ ಬೇರೆ ಉತ್ತರ ಬೇಕಾಗದು.